ಲಗ್ನಪತ್ರಿಕೆಗೆ ನವಿರು ಕೈಬರಹದ ಫಾಂಟ್: ‘ಧ’ ಹೋಗಿ ‘ದ’ ಆಯಿತು, ಈಗ ಏನು ಮಾಡಲಿ?

ತುಂಗಭದ್ರಾ ದಂಡೆ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯದ ಕಾರ್ಡು, ಬಿಲ್ ಬುಕ್ಕು, ರಬ್ಬರ್ ಸ್ಟ್ಯಾಂಪು, ಇದೇ ಕೆಲಸ. ಹದಿನಾಲ್ಕು ವರ್ಷ ಆಯಿತು. ಈ ತಿಂಗಳು ನನ್ನಿಂದ ಒಂದು ತಪ್ಪಾಗಿದೆ. ಮನಸ್ಸಿಗೆ ಬಹಳ ಹತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮನೆಯವರು ಮದುವೆ ಕಾರ್ಡಿಗೆ ಬಂದಿದ್ದರು. ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಕಾರ್ಡ್ ತೋರಿಸಿದರು. ಹುಡುಗ ಹುಡುಗಿಯ ಹೆಸರು ಕೈಯಲ್ಲಿ ಬರೆದ ಹಾಗೆ ಇತ್ತು. ಗೆರೆ ರೇಷ್ಮೆ ಎಳೆಯಷ್ಟು ಸಣ್ಣ. ಅಕ್ಷರಗಳು ಬಲಕ್ಕೆ ವಾಲಿ, ಒಂದರ ಕೈ ಒಂದು ಹಿಡಿದುಕೊಂಡು ಹೋಗುತ್ತಿದ್ದವು. ‘ನಮಗೂ ಹಿಂಗೇ ಬೇಕು, ಆದರೆ ಕನ್ನಡದಾಗ’ ಅಂದರು. ಹುಡುಗಿಯ ಹೆಸರು ಧನಲಕ್ಷ್ಮಿ.

ಹುಡುಕಿ ಹುಡುಕಿ ಒಂದು ತೆಳ್ಳನೆಯ ಕನ್ನಡ ಫಾಂಟ್ ಹಿಡಿದೆ. ಪರದೆಯ ಮೇಲೆ ಬಹಳ ಚಂದ ಕಂಡಿತು. ಅವರೂ ನೋಡಿ ಅಲ್ಲೇ ಒಪ್ಪಿದರು. ಮರೂನ್ ಕಾರ್ಡಿನ ಮೇಲೆ ಬಂಗಾರದ ಬಣ್ಣ, ಸ್ಕ್ರೀನ್ ಪ್ರಿಂಟ್, 600 ಕಾರ್ಡು. ಒಣಗಿಸಿ, ಕಟ್ಟಿ ಕೊಟ್ಟೆ. ಮರುದಿನ ಹುಡುಗಿಯ ಅಜ್ಜ ಒಂದು ಕಾರ್ಡ್ ಹಿಡಿದುಕೊಂಡು ಬಂದರು. ಸಿಟ್ಟು ಮಾಡಲಿಲ್ಲ. ಕಾರ್ಡನ್ನು ಟೇಬಲ್ ಮೇಲಿಟ್ಟು ‘ಓದಪ್ಪಾ’ ಅಂದರು, ಅಷ್ಟೇ. ಓದಿದೆ. ‘ಧ’ ಅಕ್ಷರದ ಕೆಳಗಿನ ಗೀಟು ಮಾಯವಾಗಿತ್ತು. ಹುಡುಗಿಯ ಹೆಸರು ‘ದನಲಕ್ಷ್ಮಿ’ ಆಗಿತ್ತು. ‘ಕ್ಷ್ಮಿ’ಯ ಕೆಳಗಿನ ಮ ಒತ್ತು ಕೂಡ ಅರ್ಧ ಹೋಗಿತ್ತು. ಪೂರ್ತಿ ಲಾಟ್ ಹಾಗೇ ಇತ್ತು.

ಮತ್ತೆ ಮಾಡಿಕೊಡುತ್ತೇನೆ ಅಂದಿದ್ದೇನೆ, ಖರ್ಚು ನನ್ನದು. ಹಂಚುವುದಕ್ಕೆ ಇನ್ನೂ ಹತ್ತು ದಿನ ಇದೆ. ಆದರೆ ಅವರು ಈಗಲೂ ಅದೇ ನವಿರು ಅಕ್ಷರ ಕೇಳುತ್ತಿದ್ದಾರೆ. ಹುಡುಗಿಗೆ ಅದರ ಮೇಲೆ ಮನಸ್ಸು. ಕನ್ನಡಕ್ಕೆ ಇಂಥ ಅಕ್ಷರ ಒಗ್ಗುತ್ತದಾ? ಒಗ್ಗಿದರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ತಿಳಿದವರು ಹೇಳಿ.

ಕೌಲ್ ಬಜಾರ್ ಸ್ಕ್ರೀನ್, ಬಳ್ಳಾರಿ

ತಮ್ಮಾ, ಮೊದಲು ಲೆಕ್ಕ ಹೇಳುತ್ತೇನೆ. ಫಾಂಟ್ ಮಾಡುವವರು ಸಾಮಾನ್ಯವಾಗಿ ಅಕ್ಷರದ ಚೌಕವನ್ನು 1000 ಪಾಲು ಮಾಡಿಕೊಂಡಿರುತ್ತಾರೆ. ನವಿರು ಫಾಂಟಿನಲ್ಲಿ ಸಣ್ಣ ಗೆರೆ 15 ಪಾಲು ಇದೆ ಅಂದುಕೋ. 36 ಪಾಯಿಂಟಿನಲ್ಲಿ ಹೆಸರು ಇಟ್ಟರೆ ಆ ಗೆರೆ ಅರ್ಧ ಪಾಯಿಂಟಿನಷ್ಟು ಆಯಿತು. ಅಂದರೆ ಸುಮಾರು 0.19 ಮಿಲಿಮೀಟರ್. ಅದೇ ಫಾಂಟಿನಲ್ಲಿ ಸ್ಥಳ, ಸಮಯ ಅಂತ 14 ಪಾಯಿಂಟಿನಲ್ಲಿ ಇಟ್ಟರೆ 0.07 ಮಿಲಿಮೀಟರ್. ತಲೆಕೂದಲು ಸುಮಾರು ಅಷ್ಟೇ ಇರುತ್ತದೆ. ಪರದೆಯ ಮೇಲೆ ನೀನು ದೊಡ್ಡದು ಮಾಡಿಕೊಂಡು ನೋಡುತ್ತೀಯ. ಕಾಗದ ಹಾಗೆ ದೊಡ್ಡದಾಗುವುದಿಲ್ಲ.

ಈಗ ಶಾಯಿಯ ವಿಷಯ. ಬಂಗಾರದ ಶಾಯಿಯಲ್ಲಿ ಲೋಹದ ಸಣ್ಣ ಸಣ್ಣ ಚೂರು ಇರುತ್ತವೆ. ತೀರ ಒತ್ತಾದ ಮೆಶ್ (ಸ್ಕ್ರೀನಿನ ಜಾಲರಿ ಬಟ್ಟೆ) ಹಾಕಿದರೆ ಆ ಚೂರು ಸಿಕ್ಕಿಕೊಂಡು ತೂತು ಕಟ್ಟುತ್ತದೆ. ಅದಕ್ಕೆ ನಾವು ಸ್ವಲ್ಪ ಬಿಡಿಯಾದ ಮೆಶ್ ಹಾಕುತ್ತೇವೆ. ಬಿಡಿ ಮೆಶ್‌ನಲ್ಲಿ ಸಣ್ಣ ಗೆರೆ ನಿಲ್ಲುವುದಿಲ್ಲ. ಎಕ್ಸ್‌ಪೋಸ್ ಮಾಡುವಾಗಲೇ, ಅಂದರೆ ಬೆಳಕು ಬಿಟ್ಟು ಅಕ್ಷರವನ್ನು ಸ್ಕ್ರೀನಿಗೆ ಇಳಿಸುವಾಗಲೇ, ಆ ಬೆಳಕು ಪಕ್ಕದಿಂದ ನುಗ್ಗಿ ಗೆರೆಯನ್ನು ತಿಂದುಹಾಕುತ್ತದೆ. ತೊಳೆಯುವಾಗ ಅಲ್ಲಿ ತೂತೇ ತೆರೆಯುವುದಿಲ್ಲ. ನಿನ್ನ ಧ ಗೀಟು ಹೋದದ್ದು ಅಲ್ಲೇ ಇರಬೇಕು. ಒಂದೆರಡು ಕಾರ್ಡ್ ಅಲ್ಲ, 600ರಲ್ಲೂ ಹೋಗಿದೆ ಅಂದರೆ ಸ್ಕ್ರೀನಿನಲ್ಲೇ ಇರಲಿಲ್ಲ.

ನಾನು ಸ್ಕ್ರೀನಿಗೆ 1 ಪಾಯಿಂಟಿಗಿಂತ ಸಣ್ಣ ಗೆರೆ ಒಪ್ಪಿಕೊಳ್ಳುವುದಿಲ್ಲ. ಅಂದರೆ 0.35 ಮಿಲಿಮೀಟರ್. ಆಫ್‌ಸೆಟ್ ಆದರೆ ಕಾಲು ಪಾಯಿಂಟ್‌ವರೆಗೂ ಬರುತ್ತದೆ, ಅದೂ ಒಂದೇ ಬಣ್ಣದಲ್ಲಿ. ನಾಲ್ಕು ಬಣ್ಣ ಸೇರಿಸಿ ಸಣ್ಣ ಗೆರೆ ಹೊಡೆದರೆ ಬಣ್ಣ ಒಂದರ ಮೇಲೊಂದು ಕೂರದೆ ಮಸುಕಾಗುತ್ತದೆ. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಬಿಡುವುದಾದರೆ ಇನ್ನೂ ಕಷ್ಟ, ಸುತ್ತಲಿನ ಶಾಯಿ ಒಳಗೆ ಹರಿದು ಗೆರೆಯನ್ನು ಮುಚ್ಚುತ್ತದೆ.

ಇನ್ನೊಂದು. ಕೆಲಸ ಒಪ್ಪಿಕೊಳ್ಳುವ ಮೊದಲು ಗಿರಾಕಿಗೆ ಪರದೆ ತೋರಿಸಬೇಡ. ನಿಜವಾದ ಅಳತೆಯಲ್ಲಿ ಲೇಸರ್ ಪ್ರಿಂಟ್ ತೆಗೆದು ಕೈಗೆ ಕೊಡು. ಮನೆಯ ಹಿರಿಯರಿಂದ ಒಂದು ಸಲ ಗಟ್ಟಿಯಾಗಿ ಓದಿಸು.

ತುಂಗಭದ್ರಾ ದಂಡೆ, ಗಂಗಾವತಿ

ಅಣ್ಣಾ, ಈ ಲೆಕ್ಕವನ್ನು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹಾಗಾದರೆ ಅಕ್ಷರಕ್ಕೆ ಸುಮ್ನೆ ಅರ್ಧ ಪಾಯಿಂಟ್ ಔಟ್‌ಲೈನ್ ಕೊಟ್ಟು ದಪ್ಪ ಮಾಡಿದರೆ ಆಗುವುದಿಲ್ಲವಾ?

ಕೌಲ್ ಬಜಾರ್ ಸ್ಕ್ರೀನ್, ಬಳ್ಳಾರಿ

ಆಗುತ್ತದೆ. ಕೋರೆಲ್ ಅನ್ನುವ ವಿನ್ಯಾಸದ ತಂತ್ರಾಂಶದಲ್ಲಿ ಅರ್ಧ ಪಾಯಿಂಟ್ ಕೊಟ್ಟರೆ ಗೆರೆಯ ಎರಡೂ ಬದಿ ಸೇರಿ ಅರ್ಧ ಪಾಯಿಂಟ್ ಬೆಳೆಯುತ್ತದೆ. ಆದರೆ ಒತ್ತಕ್ಷರದ ಒಳಗಿನ ಜಾಗ ಮುಚ್ಚುತ್ತದೆ. ಣ, ಕ್ಷ, ಜ್ಞ ಇವುಗಳ ಹೊಟ್ಟೆ ತುಂಬಿ ಉಂಡೆಯಾಗುತ್ತವೆ. ದಪ್ಪ ಗೆರೆಯೂ ಇನ್ನಷ್ಟು ದಪ್ಪವಾಗಿ, ಫಾಂಟಿನ ಚಂದವೇ ಹೋಗುತ್ತದೆ. ಅನಿವಾರ್ಯವಾದಾಗ ಮಾತ್ರ ಮಾಡು.

ಬಳಪ, ಮಸ್ಕಿ

ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಮಕ್ಕಳಿಗೆ ಅಕ್ಷರ ತಿದ್ದಿಸುವುದೇ ನನ್ನ ಕೆಲಸ. ಆದ್ದರಿಂದ ಮೆಶ್, ಶಾಯಿಗಿಂತ ಅಕ್ಷರದ ಕಡೆಯಿಂದ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ‘ಐ’ ಮೇಲಿನ ಚುಕ್ಕಿ ಹೋದರೂ ಓದಬಹುದು. ‘ಟಿ’ಯ ಅಡ್ಡಗೀಟು ಮಸುಕಾದರೂ ಓದುವವನು ಊಹಿಸುತ್ತಾನೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ಸಣ್ಣ ಗೀಟಿನಲ್ಲಿ ಅರ್ಥ ಇರುತ್ತದೆ. ದ ಕೆಳಗೆ ಹೊಟ್ಟೆ ಸೀಳಿದರೆ ಧ. ಪ ಒಳಗೆ ಒಂದು ಗೀಟು ಬಿದ್ದರೆ ಷ, ಅದೇ ಗೀಟು ಕೆಳಗೆ ಬಿದ್ದರೆ ಫ. ತಲಕಟ್ಟು ತೆರೆದಿದ್ದರೆ ಕ, ಅದು ಗುಡಿಸಾಗಿ ಸುತ್ತಿದರೆ ಕಿ. ಒಂದನೇ ತರಗತಿಯಲ್ಲಿ ಮಕ್ಕಳು ತಪ್ಪುವುದು ಇಲ್ಲೇ. ನಾನು ಬಳಪ ಹಿಡಿದ ಆ ಪುಟ್ಟ ಕೈ ಹಿಡಿದು ಮತ್ತೆ ಮತ್ತೆ ತಿದ್ದಿಸುವುದೂ ಇದನ್ನೇ.

ಈಗ ನವಿರು ಫಾಂಟ್ ಮಾಡಿದವರು ಏನು ಮಾಡಿರುತ್ತಾರೆ? ಇಂಗ್ಲಿಷ್ ಅಕ್ಷರದ ರೂಢಿಯಂತೆ ದೊಡ್ಡ ಬಾಗನ್ನು ದಪ್ಪ ಮಾಡಿ, ಸಣ್ಣ ಗೀಟನ್ನು ಕೂದಲೆಳೆ ಮಾಡಿರುತ್ತಾರೆ. ಆದರೆ ಕನ್ನಡದಲ್ಲಿ ಆ ಸಣ್ಣ ಗೀಟೇ ಮುಖ್ಯ. ನವಿರು ಮಾಡುವುದಾದರೆ ಇಡೀ ಅಕ್ಷರವನ್ನು ಒಂದೇ ಸಮ ನವಿರು ಮಾಡಬೇಕು. ಧ ಗೀಟನ್ನು ಮಾತ್ರ ಬಡವಾಗಿಸಬಾರದು.

ನಮಗೆ ಇದು ಹೊಸದೇನೂ ಅಲ್ಲ. ತಾಳೆಗರಿಯ ಮೇಲೆ ಬರೆದದ್ದು ಕಂಟದಿಂದ. ಕಂಟ ಅಂದರೆ ಚೂಪಾದ ಕಬ್ಬಿಣದ ಕಡ್ಡಿ. ಗರಿಯನ್ನು ಗೀಚಿ, ಮೇಲೆ ಮಸಿ ಉಜ್ಜಿ ಒರೆಸುತ್ತಿದ್ದರು. ಗೀಚಿದ ಗೆರೆಯಲ್ಲಿ ಮಸಿ ಉಳಿಯುತ್ತಿತ್ತು. ಆ ಗೆರೆ ಎಲ್ಲ ಕಡೆ ಒಂದೇ ದಪ್ಪ. ನಾರಿನ ಗುಂಟ ನೇರ ಗೀಟು ಎಳೆದರೆ ಗರಿ ಸೀಳುವ ಭಯ. ನಮ್ಮ ಅಕ್ಷರ ದುಂಡಗಾಗುವುದಕ್ಕೆ ಅದೂ ಒಂದು ಕಾರಣ. ‘ದುಂಡಗೆ ಬರಿ’ ಅಂತ ಈಗಲೂ ಮಕ್ಕಳಿಗೆ ಹೇಳುತ್ತೇವೆ ಅಲ್ವಾ? ಆ ಮಾತಿನ ಹಿಂದೆ ತಾಳೆಗರಿ ಇದೆ.

ನಮ್ಮೂರಿನ ಅಶೋಕನ ಬಂಡೆಗೆ ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. 1915ರಲ್ಲಿ ಬೆಳಕಿಗೆ ಬಂದ ಶಾಸನ ಅದು. ಅಶೋಕ ಅನ್ನುವ ಹೆಸರನ್ನೇ ಹೇಳುವ ಶಾಸನ. ಅಲ್ಲಿರುವುದು ಬ್ರಾಹ್ಮಿ. ‘ಕ’ ಅಂದರೆ ಕೂಡಿಸುವ ಚಿಹ್ನೆ, ‘ರ’ ಅಂದರೆ ಒಂದು ನೇರ ಗೀಟು, ‘ಠ’ ಅಂದರೆ ಒಂದು ವೃತ್ತ. ಮಕ್ಕಳಿಗೆ ಅದು ಬಹಳ ಖುಷಿ, ಹತ್ತು ನಿಮಿಷದಲ್ಲಿ ನಾಲ್ಕು ಅಕ್ಷರ ಕಲಿತು ಮಣ್ಣಿನ ಮೇಲೆ ಬರೆಯುತ್ತಾರೆ. ಅಲ್ಲಿಯೂ ಗೆರೆ ಒಂದೇ ದಪ್ಪ. ಉಳಿಯಿಂದ ಕೆತ್ತಿದ ಸಣ್ಣ ಗೆರೆ, ಎರಡು ಸಾವಿರ ವರ್ಷ ದಾಟಿದರೂ ಉಳಿದಿದೆ.

ನಿಬ್ಬು ಶಾಯಿ, ರಾಯಚೂರು

ಮಾಸ್ತರೇ, ನಿಮ್ಮ ಮಾತನ್ನು ಗೌರವದಿಂದಲೇ ಓದಿದೆ. ಆದರೆ ದಪ್ಪ-ಸಣ್ಣ ಗೆರೆಯ ಪರವಾಗಿಯೂ ಯಾರಾದರೂ ಮಾತಾಡಬೇಕು. ನಾನು ಕಾಲೇಜು ಮುಗಿಸಿ ಎರಡು ವರ್ಷದಿಂದ ಚೂಪು ನಿಬ್ಬಿನ ಬರಹ ಕಲಿಯುತ್ತಿದ್ದೇನೆ.

ಆ ಇಂಗ್ಲಿಷ್ ಕಾರ್ಡಿನ ಅಕ್ಷರ ಹೇಗೆ ಹುಟ್ಟಿತು ಅಂತ ಗೊತ್ತಾದರೆ ಅದರ ಮೇಲೆ ಪ್ರೀತಿ ಬರುತ್ತದೆ. ನಿಬ್ಬಿನ ತುದಿ ಎರಡಾಗಿ ಸೀಳಿರುತ್ತದೆ. ಕೆಳಗೆ ಎಳೆಯುವಾಗ ಒತ್ತಿದರೆ ಎರಡೂ ಹಲ್ಲು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಹೋಗುವಾಗ ಒತ್ತುವುದಕ್ಕೆ ಆಗುವುದಿಲ್ಲ, ಒತ್ತಿದರೆ ನಿಬ್ಬು ಕಾಗದಕ್ಕೆ ಚುಚ್ಚುತ್ತದೆ. ಆದ್ದರಿಂದ ಮೇಲಿನ ಗೆರೆ ಕೂದಲೆಳೆ. ದಪ್ಪ, ಸಣ್ಣ, ದಪ್ಪ, ಸಣ್ಣ. ಉಸಿರಾಡಿದ ಹಾಗೆ. ಯಾರೋ ಅಲಂಕಾರಕ್ಕೆ ಸೇರಿಸಿದ್ದಲ್ಲ ಅದು, ಕೈ ಮತ್ತು ನಿಬ್ಬು ಸೇರಿ ಮಾಡಿದ್ದು. ಇಂಗ್ಲೆಂಡಿನಲ್ಲಿ ಹದಿನೇಳು, ಹದಿನೆಂಟನೇ ಶತಮಾನದ ಬರಹದ ಗುರುಗಳು ಇದನ್ನು ಬೆಳೆಸಿದರು. ಅವರ ಮಾದರಿಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದರು. ಅದಕ್ಕೇ ಕಾಪರ್‌ಪ್ಲೇಟ್ ಅನ್ನುವ ಹೆಸರು ಬಂತು.

1960ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಮಾಡಿದ ಸ್ನೆಲ್ ರೌಂಡ್‌ಹ್ಯಾಂಡ್ ಇದೇ ಮನೆತನದ್ದು. ಹರ್ಮನ್ ಜಾಫ್ 1998ರಲ್ಲಿ ತಮ್ಮ ಕೈಬರಹದಿಂದ ಮಾಡಿದ ಜಾಫಿನೋ ಕೂಡ ನೋಡಿ, ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪ. ಈಗ ಕಾರ್ಡುಗಳಲ್ಲಿ ಜಾಸ್ತಿ ಕಾಣುವುದು ಗ್ರೇಟ್ ವೈಬ್ಸ್, ಅಲೆಕ್ಸ್ ಬ್ರಷ್, ಡ್ಯಾನ್ಸಿಂಗ್ ಸ್ಕ್ರಿಪ್ಟ್. ಮೂರೂ ಪುಕ್ಕಟೆ ಸಿಗುತ್ತವೆ. ಮೂರರಲ್ಲಿ ಡ್ಯಾನ್ಸಿಂಗ್ ಸ್ಕ್ರಿಪ್ಟ್ ಸ್ವಲ್ಪ ಗಟ್ಟಿ ಮೈಯದು, ಸಣ್ಣ ಅಳತೆಯಲ್ಲೂ ತಾಳುತ್ತದೆ. ಗ್ರೇಟ್ ವೈಬ್ಸ್ ದೊಡ್ಡದಾಗಿ ಇಟ್ಟರೆ ಮಾತ್ರ ಚಂದ.

ಇಂಥ ಅಕ್ಷರ ಬಳಸುವಾಗ ಜನ ಮಾಡುವ ತಪ್ಪು ಎರಡು. ಒಂದು, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕುವುದು. ಆಗ ಬಳ್ಳಿಗೆ ಬಳ್ಳಿ ತೊಡರಿ ಏನೂ ಓದಲಿಕ್ಕೆ ಬರುವುದಿಲ್ಲ. ಎರಡು, ಅಕ್ಷರಗಳ ನಡುವೆ ಜಾಗ ಹೆಚ್ಚಿಸುವುದು. ಕೈ ಹಿಡಿದುಕೊಂಡ ಅಕ್ಷರಗಳ ನಡುವೆ ಜಾಗ ಕೊಟ್ಟರೆ ಕೊಂಡಿ ತುಂಡಾಗುತ್ತದೆ. ಎಷ್ಟೋ ಫ್ಲೆಕ್ಸಿನಲ್ಲಿ ಇದನ್ನು ನೋಡಿ ಬೇಜಾರಾಗುತ್ತದೆ.

ಅಂಥ ಉಸಿರಾಟ ಕನ್ನಡಕ್ಕೆ ಬೇಡ ಅಂತ ನಾನು ಒಪ್ಪುವುದಿಲ್ಲ. ನಾನು ನಿಬ್ಬಿನಲ್ಲಿ ‘ಮಲ್ಲಿಗೆ’ ಅಂತ ಬರೆದಾಗ ಲ ಒತ್ತಿನ ಬಾಗು ದಪ್ಪವಾಗಿ ಇಳಿದು ಸಣ್ಣಗೆ ಮೇಲೇಳುವುದನ್ನು ನೋಡಿದರೆ ಮಾಸ್ತರೇ, ನಿಮಗೂ ಇಷ್ಟವಾಗುತ್ತದೆ.

ಬಳಪ, ಮಸ್ಕಿ

ತಂಗೀ, ಬರಿ. ಖಂಡಿತ ಬರಿ. ಕೈಯಲ್ಲಿ ಬರೆಯುವಾಗ ಎಲ್ಲಿ ಒತ್ತಬೇಕು ಅನ್ನುವುದನ್ನು ನೀನು ಅಕ್ಷರ ನೋಡಿ ತೀರ್ಮಾನ ಮಾಡುತ್ತೀಯ. ಧ ಬಂದಾಗ ಗೀಟನ್ನು ಒಂಚೂರು ಒತ್ತುತ್ತೀಯ. ಫಾಂಟಿಗೆ ಅದು ತಿಳಿಯುವುದಿಲ್ಲ. ನನ್ನ ಮಾತು ಅಷ್ಟೇ.

ಸಿಂಧನೂರು ಭತ್ತ, ಈಗ ಬೆಂಗಳೂರು

ತಿಳಿಸಬಹುದು ಮಾಸ್ತರೇ! ನಾನು ಫಾಂಟ್ ತಯಾರಿಸುವ ಕೆಲಸದಲ್ಲಿದ್ದೇನೆ, ಊರು ಸಿಂಧನೂರು. ಓಪನ್‌ಟೈಪ್ ಅನ್ನುವ ವ್ಯವಸ್ಥೆಯಲ್ಲಿ ಫಾಂಟಿನ ಒಳಗೇ ನಿಯಮ ಬರೆಯಬಹುದು. ಹಿಂದೆ ಮುಂದೆ ಯಾವ ಅಕ್ಷರ ಇದೆ ಅಂತ ನೋಡಿ, ಅದಕ್ಕೆ ಹೊಂದುವ ರೂಪವನ್ನು ಫಾಂಟೇ ಆರಿಸುತ್ತದೆ. ಒಂದೇ ಪದದಲ್ಲಿ ‘ಲ’ ಎರಡು ಸಲ ಬಂದರೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸಬಹುದು. ಕೈಬರಹದ ಭಾವ ಬರುವುದು ಅದರಿಂದಲೇ. ನಿಜವಾದ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ಥರ ಬರೆಯುವುದಿಲ್ಲ ಅಲ್ವಾ?

ಆದರೆ ಕನ್ನಡಕ್ಕೆ ಇಂಥ ಫಾಂಟ್ ಕಡಿಮೆ ಯಾಕೆ ಅಂತ ಕೇಳಿದರೆ, ಲೆಕ್ಕ ನೋಡಿ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಸೇರಿ 52 ಬರೆದರೆ ಮೂಲ ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನ, 13 ಸ್ವರ. ಗುಣಿತಾಕ್ಷರವೇ 442. ಎಲ್ಲವನ್ನೂ ಬೇರೆ ಬೇರೆ ಬರೆಯಬೇಕಾಗಿಲ್ಲ, ಇಳಿ, ಕೊಂಬು ಇವುಗಳನ್ನು ಪಕ್ಕದಲ್ಲಿ ಜೋಡಿಸಬಹುದು. ಆದರೆ ಗುಡಿಸು, ಏತ್ವ ಅಕ್ಷರದ ತಲೆಯ ಜೊತೆಗೇ ಬೆರೆಯುತ್ತವೆ. ಅವುಗಳನ್ನು ಒಂದೊಂದಾಗಿ ಕೂತು ತಿದ್ದಬೇಕು. ಮೇಲೆ 34 ಒತ್ತು, ಒತ್ತಿನ ಕೆಳಗೆ ಒತ್ತು, ಅರ್ಕಾವತ್ತು, ಒಟ್ರಸುಳಿ. ನವಿರು ಬರಹದಲ್ಲಿ ಒಂದು ಬಾಲ ಉದ್ದ ಬಿಟ್ಟರೆ ಅದು ಕೆಳಗಿನ ಒತ್ತಿಗೆ ಬಡಿಯುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೂ ಸಂಸಾರ ಇದೆ, ಇಂಗ್ಲಿಷಿಗೆ ಇಲ್ಲ.

ಅಂಗಡಿಯ ಅಣ್ಣನಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಹೊಸ ಕನ್ನಡ ಫಾಂಟ್ ಸಿಕ್ಕ ಕೂಡಲೇ ಈ ಪದಗಳನ್ನು ಹೊಡೆದು ನೋಡಿ: ಜ್ಯೋತ್ಸ್ನಾ, ಧನಲಕ್ಷ್ಮಿ, ರಾಷ್ಟ್ರ, ಶ್ರೀಕೃಷ್ಣ, ಅರ್ಪಣೆ, ಜ್ಞಾನ, ಫಕ್ಕೀರಪ್ಪ, ಷಣ್ಮುಖ, ವೀರಭದ್ರ, ಢಣಾಪುರ. ಇವುಗಳಲ್ಲಿ ಯಾವುದಾದರೂ ಒಡೆದರೆ, ಮುಚ್ಚಿದರೆ, ಒಂದಕ್ಕೊಂದು ಬಡಿದರೆ ಆ ಫಾಂಟನ್ನು ಪತ್ರಿಕೆಗೆ ಬಳಸಬೇಡಿ.

ಒಡೆಯುವುದಕ್ಕೆ ಫಾಂಟಿನದೇ ತಪ್ಪು ಇರಬೇಕಾಗಿಲ್ಲ. ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಬರುವುದೇ ಇಲ್ಲ. ಹಳೆಯ ಕೋರೆಲ್‌ನಲ್ಲಿ ಒತ್ತು ಬೇರೆ, ಅಕ್ಷರ ಬೇರೆಯಾಗಿ ಬೀಳುತ್ತದೆ. ಅದಕ್ಕೇ ಅಂಗಡಿಗಳಲ್ಲಿ ಇನ್ನೂ ನುಡಿ, ಶ್ರೀಲಿಪಿ ಅನ್ನುವ ತಂತ್ರಾಂಶಗಳ ಹಳೆಯ ಫಾಂಟ್ ನಡೆಯುತ್ತಿವೆ. ಫೋಟೋಶಾಪ್, ಇಲ್ಲಸ್ಟ್ರೇಟರ್‌ನ ಕೆಲವು ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಇರುವ ಆಯ್ಕೆ ಹಾಕಿಕೊಳ್ಳಬೇಕಾಗುತ್ತದೆ. ಎಷ್ಟೋ ಜನ ಅದನ್ನು ಹಾಕದೆ ‘ಫಾಂಟ್ ಸರಿ ಇಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಹಾಗಾದರೆ ಯಾವ ಫಾಂಟ್ ಅಂತ ಕೇಳಬಹುದು. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅಂತ ಒಂದಿದೆ. ಒಂದೇ ದಪ್ಪದ ಗೆರೆ, ಸರಳ, ಆತ್ಮೀಯ ನಡೆ. ಮಾಸ್ತರು ಹೇಳಿದ ಕಂಟದ ಗೆರೆಗೆ ಹತ್ತಿರ. ‘ಅಕಾಯ ಕನಡಕ’ದಲ್ಲಿ ಕೈಬರಹದ ಓಟ ಇದೆ, ಆದರೆ ಗಟ್ಟಿ ಮೈ. ಕಾಪರ್‌ಪ್ಲೇಟಿನಷ್ಟು ನವಿರು ಬೇಕು ಅಂದರೆ ಇವೆರಡೂ ಅದಲ್ಲ.

ಲೈಸೆನ್ಸ್ ಬಗ್ಗೆಯೂ ಒಂದು ಮಾತು. ‘ಪುಕ್ಕಟೆ’ ಅಂತ ಸಿಗುವ ಬಹಳಷ್ಟು ಕೈಬರಹದ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಪುಕ್ಕಟೆ. ನೀವು ಗಿರಾಕಿಯಿಂದ ಹಣ ಪಡೆದು ಕಾರ್ಡ್ ಮಾಡಿದರೆ ಅದು ವ್ಯಾಪಾರ. ಫಾಂಟಿನ ಜೊತೆಗೆ ಬರುವ ರೀಡ್‌ಮಿ (ಓದಿ-ನೋಡಿ) ಕಡತವನ್ನು ಒಮ್ಮೆ ತೆರೆದು ನೋಡಿ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಂತ ಇದ್ದರೆ ಧೈರ್ಯವಾಗಿ ಬಳಸಿ. ಒಂದು ಫಾಂಟಿನ ಹಿಂದೆ ಎಷ್ಟು ತಿಂಗಳ ಕಣ್ಣುನೋವು ಇದೆ ಅಂತ ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ನೀಲಿ ದಾರ, ಬಳ್ಳಾರಿ

ಜೀನ್ಸ್ ಕಡೆಯಿಂದ ಒಂದು ಮಾತು. ನಮ್ಮ ಘಟಕದಲ್ಲಿ ಜೀನ್ಸಿಗೆ ಲೇಬಲ್, ಹಿಂದಿನ ಜೇಬಿಗೆ ಎಂಬ್ರಾಯ್ಡರಿ ಮಾಡುತ್ತೇವೆ. ಬ್ರ್ಯಾಂಡಿನ ಹೆಸರನ್ನು ಇಂಥ ನವಿರು ಅಕ್ಷರದಲ್ಲಿ ತರುವ ಗಿರಾಕಿಗಳು ಈಗ ಜಾಸ್ತಿ. ದಾರಕ್ಕೂ ಅದೇ ಕಥೆ. ತುಂಬು ಹೊಲಿಗೆ ಹಾಕಬೇಕಾದರೆ ಗೆರೆ ಕಡೇಪಕ್ಷ ಒಂದು ಮಿಲಿಮೀಟರ್ ಅಗಲ ಇರಬೇಕು. ಅದಕ್ಕಿಂತ ಸಣ್ಣದಾದರೆ ಸೂಜಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿ ಬಟ್ಟೆ ಹರಿಯುತ್ತದೆ, ದಾರ ತುಂಡಾಗುತ್ತದೆ. ಅಂಥ ಕಡೆ ನಾವು ತುಂಬು ಹೊಲಿಗೆ ಬಿಟ್ಟು ಒಂಟಿ ಓಟದ ಹೊಲಿಗೆ ಹಾಕುತ್ತೇವೆ. ಆಗ ಗೆರೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಮಾಸ್ತರ ಕಂಟದ ಮಾತು ಓದಿದಾಗ ನಮ್ಮ ಒಂಟಿ ಹೊಲಿಗೆಯೇ ನೆನಪಾಯಿತು.

ಹಳೆ ಕಾಗದ, ಬಳ್ಳಾರಿ

ಕೈಬರಹವನ್ನು ಅಚ್ಚಿಗೆ ತರುವ ಮಾತು ಬಂದಿದ್ದರಿಂದ ನಮ್ಮೂರಿನ ಒಂದು ಸಂಗತಿ ಹೇಳದೆ ಇರಲಾರೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂತು, ಹರ್ಮನ್ ಮೊಗ್ಲಿಂಗ್ ಸಂಪಾದಕರು. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚು ಅಂದರೆ ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದನ್ನು ಕಲ್ಲಿಗೆ ಇಳಿಸಿ, ಕಲ್ಲಿಗೆ ನೀರು ಹಚ್ಚಿ, ಮೇಲೆ ಶಾಯಿ ಉರುಳಿಸುವುದು. ನೀರಿದ್ದ ಕಡೆ ಶಾಯಿ ಹಿಡಿಯುವುದಿಲ್ಲ, ಜಿಡ್ಡಿದ್ದ ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಅಂದರೆ ಬರೆದವರ ಕೈ ಹೇಗಿದೆಯೋ ಹಾಗೇ ಕಾಗದಕ್ಕೆ ಬರುತ್ತದೆ. 1844ರಲ್ಲಿ ಆ ಪತ್ರಿಕೆ ನಮ್ಮ ಬಳ್ಳಾರಿಗೆ ಬಂತು. ಹೆಸರು ‘ಕನ್ನಡ ಸಮಾಚಾರ’ ಆಯಿತು. ಇಲ್ಲಿ ಅದನ್ನು ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದರು.

ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ ಅನ್ನುತ್ತದೆ. ಕನ್ನಡ ಪತ್ರಿಕೆಯ ಅಕ್ಷರ ಕೈಬರಹದಿಂದ ಮೊಳೆಗೆ ದಾಟಿದ್ದು ಬಳ್ಳಾರಿಯಲ್ಲಿ. ಈಗ ನಾವು ಅದೇ ನೆಲದಲ್ಲಿ ಕೂತು, ಕಂಪ್ಯೂಟರಿನ ಅಕ್ಷರವನ್ನು ಮತ್ತೆ ಕೈಬರಹ ಮಾಡುವುದು ಹೇಗೆ ಅಂತ ಮಾತಾಡುತ್ತಿದ್ದೇವೆ.

ಕೂಡಿಸಿ ಬರೆಯುವುದೂ ಕನ್ನಡಕ್ಕೆ ಹೊರಗಿನದಲ್ಲ. ಹಳೆಯ ಕಡತಗಳಲ್ಲಿ ಮೋಡಿ ಅಕ್ಷರ ಇದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಲೆಕ್ಕಪತ್ರ ಬೇಗ ಬರೆಯಬೇಕು. ಕೈ ಎತ್ತದೆ, ತಲಕಟ್ಟು ಬಿಟ್ಟು, ಅಕ್ಷರಕ್ಕೆ ಅಕ್ಷರ ಸೇರಿಸಿ ಓಡುತ್ತಿದ್ದರು. ಓದುವುದಕ್ಕೆ ಅಭ್ಯಾಸ ಬೇಕು. ಲಗ್ನಪತ್ರಿಕೆಗೆ ಮೋಡಿ ಹಾಕಿ ಅಂತ ಹೇಳುತ್ತಿಲ್ಲ. ಆದರೆ ಕನ್ನಡದ ಓಡುಬರಹಕ್ಕೆ ಮಾದರಿ ಬೇಕಾದರೆ ಇಂಗ್ಲಿಷ್ ಕಡೆ ನೋಡುವ ಮೊದಲು ಕಡತದ ಕಡೆ ನೋಡಬಹುದು.

ನಿಬ್ಬು ಶಾಯಿ, ರಾಯಚೂರು

ರಾಯಚೂರಿನಲ್ಲಿ ಇನ್ನೊಂದು ಮಾದರಿಯೂ ಕಣ್ಣೆದುರಿಗಿದೆ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿ ಇದ್ದವರು. ಹಳೆಯ ಮನೆಗಳಲ್ಲಿ ಉರ್ದು ಕಾಗದಪತ್ರ ಈಗಲೂ ಇವೆ. ನಸ್ತಾಲೀಕ್ ಬರಹ ನೋಡಿ, ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ, ಮೆಟ್ಟಿಲಿನಿಂದ ನೀರು ಇಳಿದ ಹಾಗೆ. ಅದನ್ನು ಕಂಪ್ಯೂಟರಿಗೆ ತರುವುದು ಎಷ್ಟು ಕಷ್ಟವಾಯಿತು ಅಂದರೆ, 1981ರಲ್ಲಿ ಬಂದ ನೂರಿ ನಸ್ತಾಲೀಕ್‌ಗೆ ಸುಮಾರು 20,000 ಕೂಡಕ್ಷರಗಳನ್ನು ಕೈಯಲ್ಲಿ ಬರೆದು ಸೇರಿಸಿದ್ದರು. ಅವರು ಕಷ್ಟ ಅಂತ ಕೈಬರಹವನ್ನು ಬಿಡಲಿಲ್ಲ. ನಮಗೆ 442 ಏನು ಮಹಾ?

ಕುಂಚ ಕಾಕಾ, ಕೊಪ್ಪಳ

ಮೊಮ್ಮಗಳು ಓದಿ ಹೇಳಿದಳು, ಅವಳ ಕೈಯಲ್ಲೇ ಬರೆಸುತ್ತಿದ್ದೇನೆ. ನಾನು ಮೂವತ್ತು ವರ್ಷ ಬೋರ್ಡ್ ಬರೆದವನು. ಅಂಗಡಿ, ಲಾರಿ, ಗೋಡೆ, ಗವಿಮಠದ ಜಾತ್ರೆ ಬಂತು ಅಂದರೆ ಬಟ್ಟೆ ಬ್ಯಾನರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಕೈ ಇನ್ನೂ ನಡುಗುವುದಿಲ್ಲ.

ನವಿರು ಅಕ್ಷರ ಎಲ್ಲಿ ಬೇಕು ಅಂತ ತಮ್ಮ ಕೇಳಿದ್ದಾನೆ. ಕೈಯಲ್ಲಿ ಹಿಡಿದು ನೋಡುವ ವಸ್ತುವಿಗೆ ಬೇಕು. ಲಗ್ನಪತ್ರಿಕೆಯ ಎರಡು ಹೆಸರು, ಬಂಗಾರದ ಅಂಗಡಿಯ ಡಬ್ಬಿ, ಸನ್ಮಾನ ಪತ್ರದಲ್ಲಿ ಸನ್ಮಾನಿತರ ಹೆಸರು, ಮಗುವಿನ ತೊಟ್ಟಿಲು ಕಾರ್ಡ್. ದೂರದಿಂದ ನೋಡುವುದಕ್ಕೆ ಬೇಡ. ಬೋರ್ಡಿನಲ್ಲಿ ನಮ್ಮ ಲೆಕ್ಕ, 10 ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ರಸ್ತೆಯ ಆಚೆಯಿಂದ 50 ಅಡಿ ಅಂದರೆ 5 ಇಂಚು, ಅದೂ ಗಟ್ಟಿ ಗೆರೆಯಲ್ಲಿ. ಸಣ್ಣ ಗೆರೆ ಬಿಸಿಲಿಗೆ ಕಾಣುವುದೇ ಇಲ್ಲ. ನಮ್ಮ ಊರ ಬಿಸಿಲು ನಿಮಗೆ ಗೊತ್ತಲ್ಲ.

ಪತ್ರಿಕೆಯಲ್ಲಿ ಮುಹೂರ್ತದ ಸಮಯ, ಮಂಟಪದ ವಿಳಾಸ, ಫೋನ್ ನಂಬರ್ ಇವನ್ನು ನವಿರು ಅಕ್ಷರದಲ್ಲಿ ಎಂದೂ ಹಾಕಬೇಡ. 1 ಮತ್ತು 7 ಒಂದೇ ಥರ ಕಂಡು ಯಾರದಾದರೂ ಮುಹೂರ್ತ ತಪ್ಪಿದರೆ ಆ ಮನೆಯವರಿಗೆ ಏನು ಹೇಳುತ್ತೀಯ? ಅವು ಸಾದಾ ಅಕ್ಷರದಲ್ಲಿ, ದಪ್ಪ ಅಲ್ಲ, ಸಾದಾ. ಪಕ್ಕದಲ್ಲಿ ಸಾದಾ ಇದ್ದಾಗಲೇ ನವಿರು ಎದ್ದು ಕಾಣುವುದು. ಎಲ್ಲವೂ ನವಿರಾದರೆ ಕಣ್ಣಿಗೆ ನಿಲ್ಲುವುದಕ್ಕೆ ಜಾಗ ಇರುವುದಿಲ್ಲ.

ಎರಡು ಹೆಸರಿಗಾಗಿ ಫಾಂಟ್ ಯಾಕೆ ಹುಡುಕುತ್ತೀಯ ತಮ್ಮಾ? ಒಟ್ಟು ಎಷ್ಟು ಅಕ್ಷರ? ನಾನು ಬರೆದುಕೊಡುತ್ತೇನೆ. ನಮ್ಮಲ್ಲಿ ಸಿಂಗಲ್ ಸ್ಟ್ರೋಕ್ ಅಂತ ಇದೆ. ಬ್ರಷ್ಷನ್ನು ಒಂದೇ ಸಲ ಎಳೆದು ಅಕ್ಷರ ಮುಗಿಸುವುದು, ಮೇಲೆ ತಿದ್ದುವುದಿಲ್ಲ. ತಲಕಟ್ಟಿನಿಂದ ಶುರು ಮಾಡಿ, ಹೊಟ್ಟೆ ಸುತ್ತಿ, ಕಡೆಗೆ ಧ ಗೀಟು. ಆ ಗೀಟನ್ನು ನಾವು ಕೆಳಗೆ ಒಂಚೂರು ಹೊರಗೆ ಬಿಡುತ್ತೇವೆ. ಮಳೆಗೆ ಬಣ್ಣ ಹೋದರೂ ಅದು ಉಳಿಯಲಿ ಅಂತ.

ತುಂಗಭದ್ರಾ ದಂಡೆ, ಗಂಗಾವತಿ

ಕಾಕಾ, ನಾಳೆ ಬೆಳಿಗ್ಗೆ ಬಸ್ಸಿಗೇ ಬರುತ್ತೇನೆ.

ತುಂಗಭದ್ರಾ ದಂಡೆ, ಗಂಗಾವತಿ

ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಕಾಕಾ ಅವರ ಮನೆಗೆ ಹೋಗಿ ಬಂದೆ. ಹುಡುಗಿಯ ಹೆಸರನ್ನು ಹನ್ನೊಂದು ಸಲ ಬರೆದರು, ಹುಡುಗನದು ಏಳು ಸಲ. ಸಣ್ಣ ಬ್ರಷ್, ಕರಿ ಶಾಯಿ, ಅರ್ಧ ಅಡಿ ಎತ್ತರದ ಅಕ್ಷರ. ದೊಡ್ಡದಾಗಿ ಬರೆದು ಚಿಕ್ಕದು ಮಾಡಿದರೆ ಕೈಯ ಸಣ್ಣ ಅಲುಗಾಟ ಕಾಣುವುದಿಲ್ಲ ಅಂತ ಹೇಳಿಕೊಟ್ಟರು. ಒಂದನ್ನು ಆರಿಸಿ ಸ್ಕ್ಯಾನ್ ಮಾಡಿದೆ, ಟ್ರೇಸ್ ಮಾಡಿದೆ. ಕಾರ್ಡಿನ ಅಳತೆಗೆ ಇಳಿಸಿದಾಗ ತೀರ ಸಣ್ಣ ಗೆರೆ 1.2 ಪಾಯಿಂಟ್ ಉಳಿಯಿತು. ಕೌಲ್ ಬಜಾರ್ ಅಣ್ಣ ಹೇಳಿದ ಮಿತಿ ದಾಟಿದೆ. ಹೆಸರನ್ನು ಮೊದಲಿಗಿಂತ ದೊಡ್ಡದು ಮಾಡಿ, ಸುತ್ತ ಜಾಗ ಬಿಟ್ಟೆ. ಮೊದಲಿನ ಕಾರ್ಡಿನಲ್ಲಿದ್ದ ಬಳ್ಳಿ, ನವಿಲು ಎಲ್ಲ ತೆಗೆದೆ. ಉಳಿದದ್ದನ್ನು ಸಾದಾ ಅಕ್ಷರದಲ್ಲಿ ಇಟ್ಟೆ.

ಅಳತೆಗೆ ಸರಿಯಾಗಿ ಪ್ರಿಂಟ್ ತೆಗೆದು ಅವರ ಮನೆಗೇ ಒಯ್ದೆ. ಅಜ್ಜ ಕನ್ನಡಕ ಹಾಕದೆ ಓದಿದರು: ‘ಧನಲಕ್ಷ್ಮಿ’. ಹುಡುಗಿ ಬಹಳ ಹೊತ್ತು ನೋಡಿದಳು. ಇಂಗ್ಲಿಷ್ ಕಾರ್ಡಿನ ಹಾಗೆ ವಾಲಿಲ್ಲ, ಕೂಡಿಲ್ಲ ಅಂದಳು. ಆಮೇಲೆ, ಇದು ನನ್ನ ಹೆಸರಿನ ಹಾಗೇ ಇದೆ, ಇದನ್ನೇ ಇಡಿ ಅಂದಳು. ನಿನ್ನೆ ಎಲ್ಲ ಕಾರ್ಡ್ ಮುಗಿಸಿ ಕೊಟ್ಟೆ. ಕಾಕಾ ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ, ಜಗ್ಗಾಡಿ ಕೊಟ್ಟು ಬಂದಿದ್ದೇನೆ. ಇನ್ನು ಮೇಲೆ ಪ್ರತಿ ಹೆಸರಿಗೆ ಇಷ್ಟು ಅಂತ ಮಾತಾಗಿದೆ, ಎರಡು ಮನೆಯವರು ಆಗಲೇ ಕೇಳಿದ್ದಾರೆ.

ಸಿಂಧನೂರು ಭತ್ತ, ಈಗ ಬೆಂಗಳೂರು

ಅಣ್ಣಾ, ಓದಿ ಬಹಳ ಸಂತೋಷವಾಯಿತು. ಕಾಕಾ, ನಾನು ಈ ತಿಂಗಳ ಕೊನೆಗೆ ಊರಿಗೆ ಬರುತ್ತಿದ್ದೇನೆ. ನಿಮ್ಮ ಕೈಯ ಅಕ್ಷರಗಳನ್ನು ಫಾಂಟ್ ಮಾಡಬೇಕು ಅಂತ ಆಸೆ. ಹಕ್ಕು ನಿಮ್ಮದೇ, ಹೆಸರೂ ನೀವು ಹೇಳಿದ್ದೇ. ಮೊದಲಿಗೆ 34 ವ್ಯಂಜನ, ಅವುಗಳ ಗುಡಿಸು, ಏತ್ವ, ಆಮೇಲೆ ಒತ್ತುಗಳು. ಒಂದೊಂದನ್ನು ಮೂರು ಸಲ ಬರೆದರೆ ಸಾಕು. ಒಂದೇ ದಿನದಲ್ಲಿ ಆಗುವುದಿಲ್ಲ, ಎರಡು ಮೂರು ಸಲ ಬರುತ್ತೇನೆ. ಎಂಥ ಕಾಗದ ತರಲಿ?

ಕುಂಚ ಕಾಕಾ, ಕೊಪ್ಪಳ

ಬಾರವ್ವಾ. ಭಾನುವಾರ ಬಾ, ಮೊಮ್ಮಗಳಿಗೂ ಶಾಲೆ ಇರುವುದಿಲ್ಲ. ದೊಡ್ಡ ಡ್ರಾಯಿಂಗ್ ಹಾಳೆ ತಾ, ನುಣುಪು ಜಾಸ್ತಿ ಇರಬಾರದು, ಬ್ರಷ್ ಜಾರುತ್ತದೆ. ಗೆರೆ ಹಾಕಿದ್ದು ಬೇಡ. ಒತ್ತುಗಳನ್ನು ಬೇರೆ ಬರೆಸಬೇಡ, ಅಕ್ಷರದ ಜೊತೆಗೇ ಬರೆಯುತ್ತೇನೆ, ಇಲ್ಲದಿದ್ದರೆ ಅವು ಎಷ್ಟು ಕೆಳಗೆ ಕೂರಬೇಕು ಅಂತ ಕೈಗೆ ತಿಳಿಯುವುದಿಲ್ಲ. ರಾಯಚೂರಿನ ನಿಬ್ಬಿನ ಹುಡುಗಿಯೂ ಬರುವುದಾದರೆ ಬರಲಿ, ಅವಳ ‘ಮಲ್ಲಿಗೆ’ ನೋಡಬೇಕು.